ಕಾಲಿನೊಳಗೊಂದು ಮೀನು
‘ಸೋಲಿಯಸ್’ ಎಂಬ ಲ್ಯಾಟಿನ್ ಹೆಸರೂ ನಮ್ಮ ಮೀನಖಂಡವೂ

ಹೋಟೆಲಿನಲ್ಲಿ ದುಡಿಯುವವನಿಗೆ ಕಾಲೇ ಬಂಡವಾಳ. ಬೆಳಗಿನ ಜಾವ ಇಡ್ಲಿಯ ಪಾತ್ರೆಯಿಂದ ಹಬೆ ಏಳುವುದಕ್ಕೆ ಮೊದಲೇ ನೆಲಕ್ಕೂರಿದ ಕಾಲು, ರಾತ್ರಿ ಕೊನೆಯ ಗಿರಾಕಿ ಕೈತೊಳೆದು ಹೊರಡುವವರೆಗೂ ಊರಿಕೊಂಡೇ ಇರಬೇಕು. ಮಣಲಿಯಂತಹ ಕಾರ್ಖಾನೆಗಳ ಊರಿನಲ್ಲಂತೂ ಹೊತ್ತಿನ ಲೆಕ್ಕವೇ ಬೇರೆ. 1969ರಲ್ಲಿ ಇಲ್ಲಿ ಎಣ್ಣೆ ಶುದ್ಧೀಕರಣದ ಕಾರ್ಖಾನೆ ಕೆಲಸವನ್ನಾರಂಭಿಸಿತು. ಅದರ ಬೆನ್ನಿಗೇ ರಸಗೊಬ್ಬರದ ಕಾರ್ಖಾನೆಯೂ ಬಂದಿತು. ಪಾಳಿ ಮುಗಿಸಿದವರು ಎಷ್ಟು ಹೊತ್ತಿಗೆ ಬಂದರೂ ಕಾಫಿ ಬಿಸಿಯಾಗಿರಬೇಕಷ್ಟೆ. ದೋಸೆಯ ಕಾವಲಿಯ ಮುಂದೆ ನಿಂತ ಭಟ್ಟರು, ತಟ್ಟೆ ಹೊತ್ತು ತಿರುಗುವ ಸಪ್ಲೈಯರು, ಪಾತ್ರೆ ತೊಳೆಯುವ ಹುಡುಗ, ಇವರೆಲ್ಲರೂ ಒಂದಲ್ಲ ಒಂದು ರಾತ್ರಿ ಚಾಪೆಯ ಮೇಲೆ ಉರುಳಿದೊಡನೆ ಹಾ ಎಂದು ಎದ್ದು ಕುಳಿತು ಮೊಣಕಾಲಿನ ಕೆಳಗೆ ಹಿಂಬದಿಯ ಮಾಂಸವನ್ನು ಹಿಚುಕಿಕೊಂಡವರೇ. ಕೇಳಿದರೆ ಹೇಳುವ ಮಾತೊಂದೇ: ‘ಮೀನಖಂಡ ಹಿಡಿದುಕೊಂಡಿತು.’

ಈ ಮಾತನ್ನು ಊರಿನಲ್ಲಿ ಹೇಳಿದರೆ ಎಲ್ಲರಿಗೂ ಅರ್ಥವಾಗುತ್ತದೆ. ಇಲ್ಲಿಯ ವೈದ್ಯರ ಮುಂದೆ ಹೇಳಿದರೆ ಆಗುವುದಿಲ್ಲ. ಅವರು ಚೀಟಿಯಲ್ಲಿ ಬರೆಯುವ ‘ಸೋಲಿಯಸ್’, ‘ಗ್ಯಾಸ್ಟ್ರಾಕ್ನೀಮಿಯಸ್’ ಎಂಬ ಹೆಸರುಗಳು ನಮಗರ್ಥವಾಗುವುದಿಲ್ಲ. ನಡುವೆ ಕಂಪೌಂಡರು ತಮಿಳಿನಲ್ಲಿ ‘ನರಂಬು’ ಎನ್ನುತ್ತಾರೆ. ನಾವು ‘ನರ’ ಎಂದುಕೊಂಡು ಮನೆಗೆ ಬರುತ್ತೇವೆ. ಮೂರು ಭಾಷೆಗಳ ನಡುವೆ ನಮ್ಮ ಕಾಲು ಸಿಕ್ಕಿಕೊಂಡಿರುವ ಪರಿ ಇದು. ಈ ಹೆಸರುಗಳು ಎಲ್ಲಿಂದ ಬಂದುವು, ಅವುಗಳ ಅರ್ಥವೇನು ಎಂಬುದನ್ನು ಸ್ವಲ್ಪ ವಿಚಾರಿಸಿದರೆ ಪಾಂಡಿತ್ಯದ ಸಂತೋಷವೊಂದೇ ಅಲ್ಲದೆ ಕಾಲಿಗೂ ಪ್ರಯೋಜನವುಂಟು.

ಪಾದರಕ್ಷೆಯೂ ಮೀನೂ

ಮೊದಲು ‘ಸೋಲಿಯಸ್’ ಎಂಬುದನ್ನೇ ತೆಗೆದುಕೊಳ್ಳೋಣ. ಇದು ಲ್ಯಾಟಿನ್ ಭಾಷೆಯ ‘ಸೊಲೆಯ’ ಎಂಬ ಶಬ್ದದಿಂದ ಹುಟ್ಟಿದುದು. ಪ್ರಾಚೀನ ರೋಮಿನ ಜನರು ಮನೆಯಲ್ಲಿ ಮೆಟ್ಟಿಕೊಳ್ಳುತ್ತಿದ್ದ, ಅಟ್ಟೆಗೆ ಪಟ್ಟಿ ಕಟ್ಟಿದ ಸಾದಾ ಚಪ್ಪಲಿಗೆ ‘ಸೊಲೆಯ’ ಎಂದು ಹೆಸರು. ಅದರ ಮೂಲದಲ್ಲಿರುವ ‘ಸೊಲುಮ್’ ಎಂಬುದಕ್ಕೆ ನೆಲ, ತಳ ಎಂದರ್ಥ. ಇಂಗ್ಲಿಷಿನಲ್ಲಿ ಜೋಡಿನ ತಳಕ್ಕೆ ‘ಸೋಲ್’ ಎನ್ನುವುದು ಇದೇ ವಂಶದ ಮಾತು. ಜೋಡು ಹೊಲಿಯುವವನ ಹತ್ತಿರ ‘ಸೋಲ್ ಹಾಕಿಕೊಡು’ ಎನ್ನುವಾಗ ನಾವು ಅರಿಯದೆಯೇ ಲ್ಯಾಟಿನ್ ಮಾತನಾಡುತ್ತಿರುತ್ತೇವೆ.

ಆದರೆ ‘ಸೊಲೆಯ’ ಎಂಬುದು ಚಪ್ಪಲಿಯಲ್ಲಿಗೇ ನಿಲ್ಲಲಿಲ್ಲ. ಸಮುದ್ರದ ತಳದ ಮರಳಿನಲ್ಲಿ ಅಂಗಾತ ಹಾಸಿದಂತೆ ಬಿದ್ದಿರುವ, ಎರಡು ಕಣ್ಣುಗಳೂ ಒಂದೇ ಪಕ್ಕದಲ್ಲಿರುವ ಚಪ್ಪಟೆ ಮೀನೊಂದುಂಟು. ಚಪ್ಪಲಿಯ ಅಟ್ಟೆಯನ್ನೇ ನೀರಿಗೆ ಎಸೆದಂತೆ ಕಾಣುವ ಆ ಮೀನಿಗೂ ರೋಮನರು ‘ಸೊಲೆಯ’ ಎಂದೇ ಹೆಸರಿಟ್ಟರು. ನಮ್ಮ ಕರಾವಳಿಯವರಿಗೆ ಇದರ ದಾಯಾದಿ ಚೆನ್ನಾಗಿ ಪರಿಚಿತ. ಮಂಗಳೂರಿನ ಕಡೆ ‘ನಂಗ್’ ಎನ್ನುವ ಮೀನು ಈ ಜಾತಿಯದೇ. ಮೀನಿನ ಹೆಸರು ಕೇಳಿದೊಡನೆ ಮೂಗು ಮುಚ್ಚಿಕೊಳ್ಳುವ ನಮ್ಮ ಸಸ್ಯಾಹಾರಿ ಹೋಟೆಲುಗಳ ಮಿತ್ರರು ಕ್ಷಮಿಸಬೇಕು. ಕಾಸಿಮೇಡಿನ ದಕ್ಕೆಗೆ ಹೋಗಿಬರುವವರನ್ನು ಕೇಳಿದರೆ ಅದರ ಆಕಾರವನ್ನು ಕೈಯಲ್ಲೇ ತೋರಿಸಿಯಾರು.

ಯೂರೋಪಿನ ಅಂಗರಚನಾಶಾಸ್ತ್ರಜ್ಞರು ಶವವನ್ನು ಕೊಯ್ದು ನೋಡಿದಾಗ, ಕಾಲಿನ ಹಿಂಬದಿಯಲ್ಲಿ ಮೇಲಿನ ದಪ್ಪ ಮಾಂಸವನ್ನು ಸರಿಸಿದೊಡನೆ ಅದರಡಿಯಲ್ಲಿ ಅಗಲವಾಗಿ, ಚಪ್ಪಟೆಯಾಗಿ, ಕೆಳಕ್ಕೆ ಬರುತ್ತ ಕಿರಿದಾಗುವ ಇನ್ನೊಂದು ಸ್ನಾಯು ಕಾಣಿಸಿತು. ಆ ಆಕಾರಕ್ಕೆ ಒಪ್ಪುವ ಹೆಸರು ಅವರ ನಾಲಗೆಯ ಮೇಲೆಯೇ ಇದ್ದಿತು. ಚಪ್ಪಲಿಯಂತಿರುವುದು, ಇಲ್ಲವೆ ಆ ಮೀನಿನಂತಿರುವುದು: ‘ಸೋಲಿಯಸ್.’ ಅದು ಅಂಗಾಲಿನ ಸ್ನಾಯು ಅಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಹೆಸರು ಆಕಾರಕ್ಕೆ ಬಂದುದೇ ಹೊರತು ಸ್ಥಾನಕ್ಕಲ್ಲ.

ಈಗ ನಮ್ಮ ಮಾತನ್ನು ನೋಡಿ. ಮೀನಖಂಡ, ಎಂದರೆ ಮೀನಿನಂತಹ ಖಂಡ. ಪುಣ್ಯಕೋಟಿಯ ಹಾಡನ್ನು ಬಾಲ್ಯದಲ್ಲಿ ಕೇಳಿದವರಿಗೆ ‘ಖಂಡ’ವೆಂದರೆ ಮಾಂಸವೆಂದು ತಿಳಿಸಿಹೇಳಬೇಕಾಗಿಲ್ಲ. ನಡುವೆ ಉಬ್ಬಿ ಎರಡು ತುದಿಗಳಲ್ಲಿ ಸಪೂರವಾಗುವ ಆ ಮಾಂಸವನ್ನು ಕನ್ನಡಿಗನು ಮೀನೆಂದು ಕಂಡನು. ತಮಿಳರು ಕಂಡುದೂ ಮೀನನ್ನೇ! ಅವರು ಕಾಲಿನ ಈ ಭಾಗಕ್ಕೆ ‘ಕೆಂಡೈಕ್ಕಾಲ್’ ಎನ್ನುತ್ತಾರೆ. ‘ಕೆಂಡೈ’ ಎಂಬುದು ಕೆರೆಹೊಳೆಗಳಲ್ಲಿ ಸಿಗುವ ಒಂದು ಮೀನು. ಹಿಂದಿಯವರು ತೋಳನ್ನು ಮಡಿಸಿದಾಗ ಎದ್ದು ನಿಲ್ಲುವ ಮಾಂಸಕ್ಕೆ ‘ಮಛಲಿ’ ಎನ್ನುವುದುಂಟು. ಅದೂ ಮೀನೇ. ರೋಮಿಗೂ ನಮಗೂ ಈ ವಿಷಯದಲ್ಲಿ ಯಾವ ಕೊಡುಕೊಳ್ಳುವಿಕೆಯೂ ಇರಲಿಲ್ಲ. ರೋಮನರ ಮೀನು ಚಪ್ಪಟೆ, ಒಳಗಿನದು. ನಮ್ಮದು ಉಬ್ಬಿದುದು, ಮೇಲೆ ಕಾಣುವಂಥದು. ಒಬ್ಬರು ಚರ್ಮ ಸುಲಿದು ನೋಡಿ ಹೆಸರಿಟ್ಟರು, ಇನ್ನೊಬ್ಬರು ಗದ್ದೆಯಲ್ಲಿ ನಡೆಯುವವನ ಕಾಲನ್ನು ಹಿಂದಿನಿಂದ ನೋಡಿ ಹೆಸರಿಟ್ಟರು. ಹಾಗಿದ್ದರೂ ಇಬ್ಬರಿಗೂ ನೆನಪಾದುದು ಮೀನು ಎಂಬುದು ಸೋಜಿಗವಲ್ಲವೆ?

ಮೇಲೆ ಕಾಣುವ ಆ ಉಬ್ಬಿದ ಸ್ನಾಯುವಿಗೆ ವೈದ್ಯರು ಕೊಡುವ ‘ಗ್ಯಾಸ್ಟ್ರಾಕ್ನೀಮಿಯಸ್’ ಎಂಬ ಉದ್ದನೆಯ ಹೆಸರು ಗ್ರೀಕಿನಿಂದ ಬಂದುದು. ‘ಗಾಸ್ಟೆರ್’ ಎಂದರೆ ಹೊಟ್ಟೆ, ‘ಕ್ನೇಮೆ’ ಎಂದರೆ ಮೊಣಕಾಲಿನ ಕೆಳಗಣ ಕಾಲು. ಒಟ್ಟಿನಲ್ಲಿ ಕಾಲಿನ ಹೊಟ್ಟೆ! ‘ಗ್ಯಾಸ್ಟ್ರಿಕ್ ತೊಂದರೆ’ ಎಂದು ನಮ್ಮವರು ದಿನವೂ ಹೇಳುವ ಮಾತಿನಲ್ಲಿರುವುದೂ ಇದೇ ಹೊಟ್ಟೆ. ಇದಕ್ಕೆ ಎರಡು ತಲೆ, ಸೋಲಿಯಸ್ಸಿಗೆ ಒಂದು. ಕೂಡಿಸಿ ‘ಟ್ರೈಸೆಪ್ಸ್ ಸೂರೆ’, ಎಂದರೆ ಮೀನಖಂಡದ ಮೂರು ತಲೆಯ ಸ್ನಾಯು ಎನ್ನುತ್ತಾರೆ. (ಲ್ಯಾಟಿನ್ನಿನ ಈ ‘ಸೂರ’ಕ್ಕೂ ನಮ್ಮ ಸುರೆಗೂ ಯಾವ ನಂಟೂ ಇಲ್ಲ.) ಮೂರೂ ಸೇರಿ ಹಿಮ್ಮಡಿಗೆ ಇಳಿಯುವ ಗಟ್ಟಿಯಾದ ಹುರಿಗೆ ಗ್ರೀಕ್ ವೀರ ಅಕಿಲಿಸನ ಹೆಸರಿದೆ. ಮೈಯೆಲ್ಲ ವಜ್ರವಾಗಿದ್ದ ಅವನಿಗೆ ಮರಣ ಬಂದುದು ಹಿಮ್ಮಡಿಗೆ ನಾಟಿದ ಬಾಣದಿಂದ. ಶ್ರೀಕೃಷ್ಣನ ಅವಸಾನವೂ ಜರನೆಂಬ ಬೇಡನು ಪಾದಕ್ಕೆ ಎಸೆದ ಬಾಣದಿಂದಲೇ ಆಯಿತೆಂದು ನಮ್ಮ ಪುರಾಣ ಹೇಳುತ್ತದಷ್ಟೆ.

ಇಲಿಯ ಕಥೆ

‘ಮಸಲ್’ ಎಂಬ ಇಂಗ್ಲಿಷ್ ಮಾತನ್ನು ಈಗ ಯಾರು ತಾನೆ ಅರಿಯರು? ಕಸರತ್ತಿನ ಶಾಲೆಗೆ ಹೋಗುವ ಹುಡುಗರ ಬಾಯಲ್ಲಿ ಅದು ಕನ್ನಡವೇ ಆಗಿಬಿಟ್ಟಿದೆ. ಅದರ ಮೂಲ ಲ್ಯಾಟಿನ್ನಿನ ‘ಮುಸ್ಕುಲುಸ್’. ‘ಮೂಸ್’ ಎಂದರೆ ಇಲಿ, ‘ಮುಸ್ಕುಲುಸ್’ ಎಂದರೆ ಇಲಿಮರಿ, ಪುಟ್ಟ ಇಲಿ! ತೋಳನ್ನು ಮಡಿಸಿ ಬಿಚ್ಚಿದಾಗ ಚರ್ಮದಡಿಯಲ್ಲಿ ಏನೋ ಒಂದು ಸರಕ್ಕನೆ ಹರಿದು ಹೋದಂತೆ ಕಾಣುವುದು, ಹೊದಿಕೆಯಡಿ ಇಲಿ ಓಡಿದ ಹಾಗೆ. ಗ್ರೀಕರೂ ಇಲಿಗೂ ಸ್ನಾಯುವಿಗೂ ಒಂದೇ ಶಬ್ದವನ್ನು ಬಳಸುತ್ತಿದ್ದರು. ಹೃದಯದ ಸ್ನಾಯುವಿಗೆ ವೈದ್ಯರು ‘ಮಯೊಕಾರ್ಡಿಯಂ’ ಎನ್ನುವುದರ ಮೊದಲ ಭಾಗ ಆ ಗ್ರೀಕ್ ಇಲಿಯೇ.

ಗಣಪತಿಯ ವಾಹನದ ಹೆಸರು ಬಲ್ಲವರು ಇಷ್ಟು ಹೊತ್ತಿಗೆ ಊಹಿಸಿರಬಹುದು. ಸಂಸ್ಕೃತದ ‘ಮೂಷ’, ‘ಮೂಷಿಕ’, ಲ್ಯಾಟಿನ್ನಿನ ‘ಮೂಸ್’, ಇಂಗ್ಲಿಷಿನ ‘ಮೌಸ್’ ಇವೆಲ್ಲವೂ ಒಂದೇ ತಾಯಿಯ ಮಕ್ಕಳು. ಸಂಸ್ಕೃತಕ್ಕೂ ಲ್ಯಾಟಿನ್ ಗ್ರೀಕ್‌ಗಳಿಗೂ ಇರುವ ಈ ಸಂಬಂಧವನ್ನು ಸರ್ ವಿಲಿಯಂ ಜೋನ್ಸ್ ಕಲಕತ್ತೆಯಲ್ಲಿ 1786ರಲ್ಲಿ ಎತ್ತಿ ಹೇಳಿದನು. ಕನ್ನಡ, ತಮಿಳು, ತೆಲುಗುಗಳು ಆ ಮನೆತನಕ್ಕೆ ಸೇರದ ಬೇರೆಯೇ ಒಂದು ಕುಟುಂಬವೆಂದು 1816ರಲ್ಲಿ ತೋರಿಸಿಕೊಟ್ಟವನು ಎಲ್ಲಿಸ್ ಎಂಬ ಅಧಿಕಾರಿ. ಆ ಕೆಲಸ ನಡೆದುದು ನಾವು ಅನ್ನ ತಿನ್ನುತ್ತಿರುವ ಈ ಮದರಾಸಿನಲ್ಲೇ. ಆದುದರಿಂದ ಮೂಷಿಕಕ್ಕೂ ಮುಸ್ಕುಲುಸ್ಸಿಗೂ ರಕ್ತಸಂಬಂಧವುಂಟು. ಮೀನಖಂಡಕ್ಕೂ ಸೋಲಿಯಸ್ಸಿಗೂ ಇರುವುದು ಬರಿಯ ಮನೋಧರ್ಮದ ಸಂಬಂಧ.

ಇಂಥ ಹೆಸರುಗಳು ಇನ್ನೂ ಬೇಕಾದಷ್ಟಿವೆ. ಕಾಲು ಮಡಿಸಿ ಕೂತು ಹೊಲಿಯುವ ದರ್ಜಿಯನ್ನು ನೆನೆದು ತೊಡೆಯ ಸ್ನಾಯುವೊಂದಕ್ಕೆ ‘ಸಾರ್ಟೋರಿಯಸ್’ ಎಂದರು. ಕೆನ್ನೆಯ ಸ್ನಾಯುವಿಗೆ ‘ಬಕ್ಸಿನೇಟರ್’, ಎಂದರೆ ತುತ್ತೂರಿ ಊದುವವನು. ಮದುವೆಮನೆಯಲ್ಲಿ ನಾಗಸ್ವರದವರ ಕೆನ್ನೆಯನ್ನು ನೋಡಿದವರು ಈ ಹೆಸರನ್ನು ಮೆಚ್ಚದೆ ಇರಲಾರರು. ಅಂಗೈಯೊಳಗಿನ ಸಣ್ಣ ಸ್ನಾಯುಗಳಿಗಂತೂ ಎರೆಹುಳುವಿನ ಹೆಸರು.

ಬಾಸೆಲ್ ಎಂಬ ಊರು

ಹೆಸರಿಡುವುದು ಸುಲಭ, ಎಲ್ಲರೂ ಒಂದೇ ಹೆಸರನ್ನು ಹೇಳುವಂತೆ ಮಾಡುವುದು ಕಷ್ಟ. ಆಧುನಿಕ ಅಂಗರಚನಾಶಾಸ್ತ್ರದ ಪಿತಾಮಹನೆನಿಸಿದ ವೆಸಾಲಿಯಸ್ಸನು 1543ರಲ್ಲಿ ತನ್ನ ಮಹಾಗ್ರಂಥವನ್ನು ಪ್ರಕಟಿಸಿದಾಗ ಸ್ನಾಯುಗಳನ್ನು ಬಹುಮಟ್ಟಿಗೆ ಮೊದಲನೆಯದು, ಎರಡನೆಯದು ಎಂದು ಸಂಖ್ಯೆಯಿಂದಲೇ ಕರೆದಿದ್ದನು. ಅವನ ಅನಂತರ ಬಂದವರು ತಮತಮಗೆ ತೋಚಿದ ಹೆಸರುಗಳನ್ನಿಟ್ಟರು. ಒಂದೇ ಅಂಗಕ್ಕೆ ಪ್ಯಾರಿಸ್ಸಿನಲ್ಲೊಂದು ಹೆಸರು, ಲಂಡನ್ನಿನಲ್ಲೊಂದು, ಲೈಪ್‌ಜಿಗ್ಗಿನಲ್ಲೊಂದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಇಂಥ ಹೆಸರುಗಳು ಸುಮಾರು 50,000ದಷ್ಟು ಬೆಳೆದಿದ್ದುವೆಂದೂ 1895ರಲ್ಲಿ ವಿದ್ವಾಂಸರು ಸೇರಿ ಅವುಗಳನ್ನು ಸುಮಾರು 5,500ಕ್ಕೆ ಇಳಿಸಿ ಒಂದು ಪಟ್ಟಿಯನ್ನು ಅಂಗೀಕರಿಸಿದರೆಂದೂ ಲೆಕ್ಕ ಹೇಳುತ್ತಾರೆ. ಆ ಪಟ್ಟಿಯನ್ನು 1955ರಲ್ಲಿ ಪ್ಯಾರಿಸ್ಸಿನಲ್ಲಿ ತಿದ್ದಿದರು. 1998ರಲ್ಲಿ ಮತ್ತೊಮ್ಮೆ ಹೊಸದಾಗಿ ಹೊರತಂದರು.

ವೆಸಾಲಿಯಸ್ಸನ ಗ್ರಂಥ ಅಚ್ಚಾದುದೂ 1895ರ ಪಟ್ಟಿ ಅಂಗೀಕೃತವಾದುದೂ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ. ದಕ್ಷಿಣ ಕನ್ನಡದವರಿಗೆ ಈ ಹೆಸರನ್ನು ಬೇರೆ ಪರಿಚಯಿಸಬೇಕೆ? ಅದೇ ನಗರದ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಹೆಂಚು ಸುಟ್ಟರು, ನೇಯ್ದರು, ಮುದ್ರಣಾಲಯ ತೆರೆದರು. ಅವರ ಪೈಕಿಯ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಿದ್ದುದು 1894ರಲ್ಲಿ. ಕನ್ನಡದ ಶಬ್ದಗಳು ಮಂಗಳೂರಿನಲ್ಲಿ ಒಂದು ನೆಲೆಗೆ ಬಂದ ಮರುವರ್ಷವೇ ಮನುಷ್ಯನ ಮೈಯ ಶಬ್ದಗಳು ಬಾಸೆಲಿನಲ್ಲಿ ಒಂದು ನೆಲೆಗೆ ಬಂದುವು. ಇದು ಕಾಕತಾಳೀಯವೇ ಸರಿ, ಆದರೂ ಹೇಳದಿರಲು ಮನಸ್ಸು ಬಾರದು.

ಆ ಲ್ಯಾಟಿನ್ ಹೆಸರುಗಳು ನಮ್ಮ ಕಡೆಗೆ ಬಂದ ದಾರಿ ಮದರಾಸಿನದು. ಇಲ್ಲಿಯ ವೈದ್ಯಶಾಲೆ ಆರಂಭವಾದುದು 1835ರಲ್ಲಿ. ಮೈಸೂರು ಸಂಸ್ಥಾನದ ವೈದ್ಯಕೀಯ ಕಾಲೇಜು ಬೆಂಗಳೂರಿನಲ್ಲಿ ತೆರೆದುದು 1924ರಷ್ಟು ಈಚೆಗೆ; ಅದು ಮೈಸೂರಿಗೆ ಹೋದುದು 1930ರಲ್ಲಿ. ದಕ್ಷಿಣ ಕನ್ನಡವೂ ಬಳ್ಳಾರಿಯೂ ಮದರಾಸು ಪ್ರಾಂತಕ್ಕೇ ಸೇರಿದ್ದ ಆ ದಿನಗಳಲ್ಲಿ ಡಾಕ್ಟರಾಗಬೇಕೆಂಬ ಅಲ್ಲಿಯ ಹುಡುಗನು ಈ ಊರಿಗೇ ಬರಬೇಕಾಗಿದ್ದಿತು. ಮಣಲಿಯವರಿಗೆ ಹತ್ತಿರದ ದೊಡ್ಡ ಆಸ್ಪತ್ರೆಯಾದ ಸ್ಟ್ಯಾನ್ಲಿಯ ವೈದ್ಯಕೀಯ ಕಾಲೇಜು 1938ರದು.

ಸ್ನಾಯುವೋ ನರವೋ

ಇಷ್ಟರವರೆಗೆ ‘ಸ್ನಾಯು’ ಎಂಬ ಮಾತನ್ನು ಯಾವ ಅನುಮಾನವೂ ಇಲ್ಲದೆ ಬಳಸಿದೆವು. ನಿಜವಾಗಿ ನೋಡಿದರೆ ತೊಡಕೆಲ್ಲ ಇರುವುದು ಇಲ್ಲಿಯೇ.

ಸುಶ್ರುತ ಸಂಹಿತೆಯಲ್ಲಿ ಮನುಷ್ಯಶರೀರದಲ್ಲಿ 500 ಪೇಶಿಗಳಿವೆಯೆಂದೂ 900 ಸ್ನಾಯುಗಳಿವೆಯೆಂದೂ ಎಣಿಕೆ ಇದೆ. ಎಂದರೆ ಪೇಶಿ ಬೇರೆ, ಸ್ನಾಯು ಬೇರೆ. ಅಲ್ಲಿ ಮಾಂಸದ ಗಂಟಿಗೆ, ಈಗ ನಾವು ‘ಮಸಲ್’ ಎನ್ನುವುದಕ್ಕೆ, ಪೇಶಿ ಎಂದು ಹೆಸರು. ಸ್ನಾಯುವೆಂದರೆ ಎಲುಬುಕೀಲುಗಳನ್ನು ಬಿಗಿಯುವ ಹುರಿ, ಕಟ್ಟು. ದೋಣಿಯ ಹಲಗೆಗಳನ್ನು ಕಟ್ಟಿ ಬಿಗಿದಂತೆ ಸ್ನಾಯುಗಳು ಶರೀರವನ್ನು ಬಿಗಿದಿವೆ ಎಂಬ ಹೋಲಿಕೆಯೂ ಅಲ್ಲಿ ಬರುತ್ತದೆ. ಕಾಲಕ್ರಮದಲ್ಲಿ ಕನ್ನಡದ ಶಾಲಾಪುಸ್ತಕಗಳಲ್ಲಿ ‘ಸ್ನಾಯು’ ಎಂಬುದು ಮಾಂಸಪೇಶಿಗೇ ನಿಂತುಹೋಯಿತು. ಬಂಗಾಳಿಗಳಲ್ಲಿ ಅದೇ ಶಬ್ದ ‘ನರ್ವ್’ ಎಂಬರ್ಥಕ್ಕೆ ಹೋಯಿತು. ನಮ್ಮ ಹೋಟೆಲುಗಳಲ್ಲಿ ಈಗ ಬಂಗಾಳ, ಒರಿಸ್ಸಾ, ಅಸ್ಸಾಮುಗಳಿಂದ ಬಂದ ಹುಡುಗರು ನಮ್ಮ ಪಕ್ಕದಲ್ಲೇ ನಿಂತು ದುಡಿಯುತ್ತಾರೆ. ಬಂಗಾಳದ ಹುಡುಗ ‘ಸ್ನಾಯು’ ಎಂದರೆ ಮಿದುಳಿಗೆ ಸುದ್ದಿ ಒಯ್ಯುವ ತಂತು. ನಾವು ‘ಸ್ನಾಯು’ ಎಂದರೆ ಮಾಂಸ. ಅಕ್ಷರ ಒಂದೇ, ಅಂಗ ಬೇರೆ!

ಇನ್ನೂ ಸ್ವಾರಸ್ಯದ ಮಾತೊಂದುಂಟು. ವೇದದಲ್ಲಿ ಬರುವ ‘ಸ್ನಾವನ್’, ಗ್ರೀಕಿನ ‘ನ್ಯೂರಾನ್’, ಲ್ಯಾಟಿನ್ನಿನ ‘ನೆರ್ವುಸ್’ ಈ ಮೂರೂ ಒಂದೇ ಬೇರಿನವೆಂದು ಭಾಷಾಶಾಸ್ತ್ರಜ್ಞರ ಮತ. ನಮ್ಮ ‘ಸ್ನಾಯು’ ಆ ಸ್ನಾವನ್ನಿನ ಬಳಗದ್ದೇ. ಮೂರಕ್ಕೂ ಮೊದಲಿದ್ದ ಅರ್ಥ ಹುರಿ, ಬಿಲ್ಲಿನ ನಾರಿ ಎಂಬುದು. ಮುಂದೆ ಪಶ್ಚಿಮದವರು ಅದನ್ನು ನರ್ವಿಗೆ ಕೊಟ್ಟರು, ಕನ್ನಡಿಗರು ಮಾಂಸಕ್ಕೆ ಕೊಟ್ಟರು. ಒಂದೇ ಮನೆಯ ಅಣ್ಣತಮ್ಮಂದಿರು ಬೇರೆ ಬೇರೆ ಊರುಗಳಿಗೆ ಹೋಗಿ ಒಬ್ಬನು ತಂತಿ ಕಚೇರಿಯಲ್ಲೂ ಒಬ್ಬನು ಅಡುಗೆಮನೆಯಲ್ಲೂ ಕೆಲಸಕ್ಕೆ ಸೇರಿದಂತಾಯಿತು.

ಕನ್ನಡದ ‘ನರ’ ಮತ್ತು ತಮಿಳಿನ ‘ನರಂಬು’ ಇವುಗಳ ಪಾಡೂ ಇದಕ್ಕಿಂತ ಉತ್ತಮವಲ್ಲ. ತಮಿಳರ ಹಳೆಯ ಯಾಳ್ ವಾದ್ಯದ ತಂತಿಗೆ ನರಂಬು ಎಂದು ಹೆಸರು. ಮೈಯೊಳಗೆ ದಾರದಂತೆ ಕಾಣುವುದೆಲ್ಲವೂ ಜನರ ಬಾಯಲ್ಲಿ ನರವೇ. ನೆತ್ತರು ಹರಿಯುವ ನಾಳವೂ ನರ, ನೋವನ್ನು ತಿಳಿಸುವ ತಂತುವೂ ನರ, ಹಿಮ್ಮಡಿಯ ಹುರಿಯೂ ನರ. ನಿಂತು ನಿಂತು ಕಾಲಿನಲ್ಲಿ ಹಸುರುನೀಲಿಯಾಗಿ ಹಾವಿನಂತೆ ಸುತ್ತಿಕೊಳ್ಳುವ ರಕ್ತನಾಳಗಳ ರೋಗವನ್ನು ತಮಿಳಿನಲ್ಲಿ ‘ನರಂಬು ಸುರುಟ್ಟಲ್’ ಎನ್ನುತ್ತಾರೆ. ಅದಕ್ಕೂ ನರ್ವಿಗೂ ಯಾವ ಸಂಬಂಧವೂ ಇಲ್ಲ. ವೈದ್ಯರು ಅದನ್ನು ‘ವೆರಿಕೋಸ್ ವೇನ್ಸ್’ ಎನ್ನುವರು. ಲ್ಯಾಟಿನ್ನಿನ ‘ವಾರಿಕ್ಸ್’ ಎಂದರೆ ಉಬ್ಬಿದ ರಕ್ತನಾಳ. ಇದನ್ನು ‘ನರದೌರ್ಬಲ್ಯ’ವೆಂದು ತಿಳಿದು ಪತ್ರಿಕೆಗಳ ಜಾಹೀರಾತು ನೋಡಿ ಲೇಹ್ಯ ತರಿಸಿಕೊಂಡು ತಿಂದರೆ ಹಣ ಹೋಗುತ್ತದೆ, ರಕ್ತನಾಳ ಹಾಗೆಯೇ ಉಳಿಯುತ್ತದೆ. ಬಡವನಿಗೆ ಶಬ್ದದ ತಪ್ಪು ಎಷ್ಟು ದುಬಾರಿಯಾಗಬಲ್ಲುದೆಂಬುದಕ್ಕೆ ಬೇರೆ ಉದಾಹರಣೆ ಬೇಡ.

ಎರಡನೆಯ ಹೃದಯ

ಆ ರಕ್ತನಾಳಗಳು ಉಬ್ಬುವುದೇಕೆಂದು ಕೇಳಿದರೆ ಉತ್ತರಕ್ಕಾಗಿ ಮತ್ತೆ ನಮ್ಮ ಸೋಲಿಯಸ್ಸಿನ ಬಳಿಗೇ ಬರಬೇಕು. ಹೃದಯವು ರಕ್ತವನ್ನು ಪಾದದವರೆಗೆ ದೂಡಿಕೊಡುತ್ತದೆ. ಅಲ್ಲಿಂದ ಅದು ಮೇಲಕ್ಕೆ ಹಿಂದಿರುಗಬೇಕಾದರೆ ನಾಲ್ಕಡಿಯಷ್ಟು ಏರಬೇಕು. ಅದನ್ನು ಏರಿಸುವ ಯಂತ್ರವೇ ಮೀನಖಂಡ. ಸೋಲಿಯಸ್ಸಿನೊಳಗೆ ರಕ್ತ ತುಂಬಿಕೊಳ್ಳುವ ಅಗಲವಾದ ನಾಳಗಳಿವೆ. ಹೆಜ್ಜೆಯಿಟ್ಟಾಗಲೆಲ್ಲ ಸ್ನಾಯು ಬಿಗಿದು ಒದ್ದೆ ಬಟ್ಟೆಯನ್ನು ಹಿಂಡಿದಂತೆ ಅವುಗಳನ್ನು ಹಿಂಡುತ್ತದೆ. ರಕ್ತ ಮೇಲಕ್ಕೆ ಚಿಮ್ಮುತ್ತದೆ. ಅದು ಕೆಳಕ್ಕೆ ಜಾರದಂತೆ ನಾಳಗಳೊಳಗೆ ಒಂದೇ ಕಡೆಗೆ ತೆರೆಯುವ ಪುಟ್ಟ ಬಾಗಿಲುಗಳಿವೆ. ಈ ಬಾಗಿಲುಗಳನ್ನು ಇಟಲಿಯ ಫಾಬ್ರಿಸಿಯಸ್ಸನು 1603ರಲ್ಲಿ ವರ್ಣಿಸಿ ಬರೆದನು. ಅವನ ಶಿಷ್ಯನಾದ ಹಾರ್ವೆಯು ಅದನ್ನೂ ಆಧಾರವಾಗಿಟ್ಟುಕೊಂಡು ರಕ್ತಪರಿಚಲನೆಯ ತತ್ವವನ್ನು 1628ರಲ್ಲಿ ಪ್ರಕಟಿಸಿದನು. ಮೀನಖಂಡವನ್ನು ವೈದ್ಯರು ಎರಡನೆಯ ಹೃದಯವೆಂದು ಕರೆಯುವುದು ಇದಕ್ಕಾಗಿಯೇ.

ಈ ಹೃದಯ ಮಿಡಿಯುವುದು ನಡೆದರೆ ಮಾತ್ರ. ಅಲುಗಾಡದೆ ನಿಂತವನ ಹರಡಿನ ಬಳಿಯ ನಾಳದಲ್ಲಿ ರಕ್ತದ ಒತ್ತಡ ಪಾದರಸದ ಸುಮಾರು 90 ಮಿಲಿಮೀಟರಿನಷ್ಟಿರುತ್ತದೆ; ಆತ ನಡೆಯತೊಡಗಿದರೆ ಅದು 30ರ ಆಸುಪಾಸಿಗೆ ಇಳಿಯುತ್ತದೆ. ಹೀಗಾಗಿ ದಿನಕ್ಕೆ ಎಷ್ಟೋ ಸಲ ಅಡುಗೆಮನೆಗೂ ಮೇಜಿಗೂ ಓಡಾಡುವ ಸಪ್ಲೈಯರಿಗಿಂತ, ಕಾವಲಿಯ ಮುಂದೆ ಒಂದೇ ಕಡೆ ನಿಂತ ಭಟ್ಟರ ಕಾಲಿಗೇ ಅಪಾಯ ಹೆಚ್ಚು. ವರ್ಷಗಟ್ಟಲೆ ಒತ್ತಡ ತಾಳಿದ ಬಾಗಿಲುಗಳು ಸಡಿಲವಾಗುತ್ತವೆ, ರಕ್ತ ಕೆಳಗೇ ನಿಲ್ಲುತ್ತದೆ, ನಾಳ ಉಬ್ಬುತ್ತದೆ.

ಗಲ್ಲಾದ ಮೇಲೆ ಕುಳಿತವರೂ ಕಚೇರಿಯ ಗುಮಾಸ್ತರೂ ತಾವು ಪಾರಾದೆವೆಂದು ಭಾವಿಸಬಾರದು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಲಂಡನ್ನಿನ ಮೇಲೆ ಬಾಂಬು ಹಾಕುತ್ತಿದ್ದಾಗ ಜನರು ರಾತ್ರಿಯೆಲ್ಲ ಆಶ್ರಯಸ್ಥಾನಗಳಲ್ಲಿ ಮಡಿಸುವ ಕುರ್ಚಿಗಳ ಮೇಲೆ ಕುಳಿತೇ ನಿದ್ರಿಸುತ್ತಿದ್ದರು. ಬಾಂಬಿಗೆ ಸಿಕ್ಕದೆ ಉಳಿದವರಲ್ಲಿಯೂ ಕೆಲವರು ಬೆಳಿಗ್ಗೆ ಎದ್ದೊಡನೆ ಕುಸಿದು ಸತ್ತರು. ಕುರ್ಚಿಯ ಅಂಚು ತೊಡೆಗೆ ಒತ್ತಿ, ಅಲುಗದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿದ್ದಿತೆಂದು ಕೀತ್ ಸಿಂಪ್ಸನ್ ಎಂಬ ವೈದ್ಯರು 1940ರಲ್ಲಿ ಬರೆದರು.

ಇಲ್ಲಿ ಹೆಸರಿನ ವಿಚಾರ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಮೇಲಿನ ಸ್ನಾಯು, ಆ ‘ಕಾಲಿನ ಹೊಟ್ಟೆ’, ಮೊಣಕಾಲನ್ನು ದಾಟಿ ತೊಡೆಯೆಲುಬಿಗೆ ಅಂಟಿಕೊಂಡಿದೆ. ಮೊಣಕಾಲು ಮಡಿಸಿ ಕುಳಿತಾಗ ಅದು ಸಡಿಲವಾಗುತ್ತದೆ. ಒಳಗಿನ ‘ಚಪ್ಪಲಿ’ ಮೊಣಕಾಲಿನ ಕೆಳಗೇ ಹುಟ್ಟುವುದರಿಂದ ಕುಳಿತಾಗಲೂ ಪೂರ್ತಿ ಕೆಲಸ ಮಾಡಬಲ್ಲುದು. ಕುರ್ಚಿಯ ಮೇಲಿದ್ದುಕೊಂಡೇ ಬೆರಳುಗಳನ್ನು ನೆಲಕ್ಕೂರಿ ಹಿಮ್ಮಡಿಯನ್ನು ಎತ್ತಿ ಇಳಿಸಿದರೆ ದುಡಿಯುವುದು ಸೋಲಿಯಸ್ಸೇ. ಲೆಕ್ಕ ಬರೆಯುತ್ತಲೇ ಮೇಜಿನಡಿ ಇದನ್ನು ಮಾಡಬಹುದು, ಸಾಹೇಬರಿಗೆ ತಿಳಿಯುವುದೂ ಇಲ್ಲ. ನಿಂತು ದುಡಿಯುವವರು ಆಗಾಗ ತುದಿಗಾಲಿನ ಮೇಲೆ ಎದ್ದು ಇಳಿಯಲಿ. ರಾತ್ರಿ ಮಲಗುವ ಮೊದಲು ಸ್ವಲ್ಪ ಹೊತ್ತು ಕಾಲನ್ನು ದಿಂಬಿನ ಮೇಲೆ ಎತ್ತರದಲ್ಲಿಡಲಿ.

ವೈದ್ಯರ ಮುಂದೆ

‘ಮೀನಖಂಡದ ನೋವು’ ಎಂಬ ಒಂದೇ ಮಾತಿನೊಳಗೆ ಬೇರೆ ಬೇರೆ ವ್ಯಾಧಿಗಳು ಅಡಗಿರುತ್ತವೆ. ರಾತ್ರಿ ಥಟ್ಟನೆ ಹಿಡಿದು, ಗಂಟಿನಂತಾಗಿ, ಕೆಲವು ನಿಮಿಷಗಳಲ್ಲಿ ಬಿಡುವುದು ಬರಿಯ ಸೆಳೆತ. ಮೊಣಕಾಲನ್ನು ನೀಡಿ ಪಾದದ ಬೆರಳುಗಳನ್ನು ಮೈಕಡೆಗೆ ಎಳೆದರೆ ಸಾಮಾನ್ಯವಾಗಿ ಬಿಟ್ಟುಕೊಡುತ್ತದೆ. ಇದಕ್ಕೆ ತಮಿಳಿನಲ್ಲಿ ‘ತಸೈಪ್ಪಿಡಿಪ್ಪು’ ಎನ್ನುತ್ತಾರೆ.

ಇನ್ನೊಂದು, ಇಷ್ಟು ದೂರ ನಡೆದೊಡನೆ ಮೀನಖಂಡ ನೋಯತೊಡಗಿ, ನಿಂತರೆ ಬಿಟ್ಟುಹೋಗಿ, ಮತ್ತೆ ಅಷ್ಟೇ ದೂರ ನಡೆದಾಗ ಮರಳಿ ಬರುವಂಥದು. ಇದು ಸ್ನಾಯುವಿಗೆ ರಕ್ತ ತರುವ ನಾಳ ಕಿರಿದಾದುದರ ಗುರುತು. ಬೀಡಿ ಸಿಗರೇಟು ಸೇದುವವರಲ್ಲಿ ಹೆಚ್ಚು. ವೈದ್ಯರು ಕೊಡುವ ‘ಕ್ಲಾಡಿಕೇಷನ್’ ಎಂಬ ಹೆಸರು ಕುಂಟುವುದು ಎಂಬರ್ಥದ ಲ್ಯಾಟಿನ್ ಕ್ರಿಯಾಪದದಿಂದ ಬಂದುದು. ಬೀಡಿ ಬಿಡದೆ ಇದಕ್ಕೆ ಮದ್ದು ಹತ್ತುವುದು ಕಷ್ಟ.

ಎಲ್ಲಕ್ಕಿಂತ ಭಯಂಕರವಾದುದು ರಕ್ತ ಹೆಪ್ಪುಗಟ್ಟುವುದು. ಸಾಮಾನ್ಯವಾಗಿ ಒಂದೇ ಕಾಲು ಊದಿಕೊಳ್ಳುತ್ತದೆ, ಮುಟ್ಟಿದರೆ ಬಿಸಿಯಾಗಿರುತ್ತದೆ, ಕೆಂಪಾಗಬಹುದು. ನೋವು ಬಿಡದೆ ಇರುತ್ತದೆ. ಬಹಳ ದಿನ ಹಾಸಿಗೆ ಹಿಡಿದವರಿಗೆ, ಶಸ್ತ್ರಚಿಕಿತ್ಸೆಯಾದವರಿಗೆ, ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಊರಿಗೆ ಹೋಗಿಬಂದವರಿಗೂ ಬರಬಹುದು. ಇದನ್ನು ‘ಸ್ನಾಯು ಹಿಡಿದುಕೊಂಡಿದೆ’ ಎಂದು ಎಣ್ಣೆ ಹಚ್ಚಿ ನೀವಿಸಿಕೊಳ್ಳಲೇಬಾರದು. ನೀವಿದರೆ ಹೆಪ್ಪು ಕಳಚಿಕೊಂಡು ಮೇಲಕ್ಕೆ ಹೋಗುವ ಭಯವಿದೆ. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜೊತೆಗೆ ಎದೆನೋವೋ ಏದುಸಿರೋ ಕಾಣಿಸಿದರೆ ಒಂದು ಗಳಿಗೆಯೂ ತಡೆಯದೆ 108ಕ್ಕೆ ಫೋನು ಮಾಡಬೇಕು.

ವೈದ್ಯರ ಮುಂದೆ ಸ್ನಾಯು, ನರ, ನರಂಬು ಎಂಬ ಮಾತುಗಳನ್ನು ಬಿಟ್ಟುಬಿಡುವುದು ಲೇಸು. ಯಾವ ಅಂಗ ಕೆಟ್ಟಿದೆಯೆಂದು ಹೇಳುವುದು ಅವರ ಕೆಲಸ. ಎಲ್ಲಿ, ಯಾವಾಗ, ಹೇಗೆ ನೋಯುತ್ತದೆಂದು ಹೇಳುವುದು ನಮ್ಮದು. ತಮಿಳು ಬಾರದವರಿಗೆ ಇಷ್ಟು ಸಾಕು: ಎಡಗಾಲಾದರೆ ‘ಇಡದು ಕಾಲ್’, ಬಲಗಾಲಾದರೆ ‘ವಲದು ಕಾಲ್’, ಮೀನಖಂಡಕ್ಕೆ ‘ಕೆಂಡೈಕ್ಕಾಲ್’, ನೋವಿಗೆ ‘ವಲಿ’, ಊತಕ್ಕೆ ‘ವೀಕ್ಕಂ’, ನಡೆದಾಗ ಮಾತ್ರ ನೋವಾದರೆ ‘ನಡಂದಾಲ್ ವಲಿ’. ಎಷ್ಟು ದಿನದಿಂದ ಎಂಬುದನ್ನು ಬೆರಳಿನಲ್ಲಿ ತೋರಿಸಬಹುದು. ಚೀಟಿಯಲ್ಲಿ ಬರೆದ ಹೆಸರನ್ನು ಓದಿ ಹೇಳುವಂತೆ ಅವರನ್ನೇ ಕೇಳಿ, ಹಾಗೆಯೇ ಕನ್ನಡ ಅಕ್ಷರಗಳಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಬೇರೆ ವೈದ್ಯರಿದ್ದರೂ, ಊರಿನ ಆಸ್ಪತ್ರೆಗೇ ಹೋದರೂ ಆ ಲ್ಯಾಟಿನ್ ಹೆಸರು ಅಲ್ಲಿಯೂ ಅದೇ ಆಗಿರುತ್ತದೆ.